ಎರಡು ಟನ್ನಿನ ಎರಡು ಪಿಕಪ್‌ಗಳು: ಪುಣೆ–ಬೆಳಗಾವಿ ದಾರಿಗೆ ಯಾವುದನ್ನು ಆರಿಸಬೇಕು?

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ನಸುಕಿನಲ್ಲಿ ತರಕಾರಿ ತಂದಿಳಿಸುವ ಪಿಕಪ್‌ಗಳಲ್ಲಿ ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಜತ್ತ ಮತ್ತು ಅಕ್ಕಲಕೋಟೆಯ ಕಡೆಯ ಗಾಡಿಗಳು ಕಡಿಮೆಯೇನಲ್ಲ. ಅವುಗಳನ್ನು ನಡೆಸುವವರಲ್ಲಿ ಹಲವರು ಕನ್ನಡಿಗರು. ಒಂದೋ ಎರಡೋ ಗಾಡಿ ಇಟ್ಟುಕೊಂಡ ಅಂಥ ಸಾಗಣೆದಾರರ ಲೆಕ್ಕಪತ್ರ ಬರೆದುಕೊಡುವುದು ನನ್ನ ಕಸುಬು. ದಸರೆ ಹತ್ತಿರ ಬಂತೆಂದರೆ ಅವರಲ್ಲಿ ಯಾರಾದರೊಬ್ಬರು ಎರಡು ಕೊಟೇಶನ್ನುಗಳನ್ನು ತಂದು ನನ್ನ ಮೇಜಿನ ಮೇಲೆ ಹರಡುತ್ತಾರೆ: ಒಂದು ಮಹೀಂದ್ರಾದ ಬೊಲೆರೊ ಮ್ಯಾಕ್ಸ್ ಪಿಕಪ್‌ನದು, ಇನ್ನೊಂದು ಟಾಟಾ ಯೋಧಾದು. ಯಾವುದಕ್ಕೆ ಮುಂಗಡ ಕೊಡಲಿ ಎಂಬ ಅವರ ಪ್ರಶ್ನೆಗೆ ನಾನು ಉತ್ತರಿಸುವ ಕ್ರಮವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಕಾಗದದ ಮೇಲೆ ಈ ಎರಡು ಗಾಡಿಗಳು ಅಕ್ಕಪಕ್ಕದವು. ಎರಡೂ ಡೀಸೆಲ್, ಎರಡಕ್ಕೂ ಗಟ್ಟಿ ಚಾಸಿ, ಹಿಂದೆ ಪಾಟಾ (ಕಬ್ಬಿಣದ ಪಟ್ಟಿಗಳ ಸ್ಪ್ರಿಂಗು), ಹಿಂದಿನ ಚಕ್ರಕ್ಕೆ ಎಳೆತ. ಯೋಧಾ 2017ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡು ಟನ್ ಹೊರುವ ಯೋಧಾ 2.0 ಬಂದದ್ದು 2022ರಲ್ಲಿ. ಬೊಲೆರೊ ಮ್ಯಾಕ್ಸ್ ಪಿಕಪ್‌ನ ಸಿಟಿ ಮಾದರಿಯೂ 2022ರದ್ದೇ, ಎರಡು ಟನ್ನಿನ ಎಚ್‌ಡಿ ಮಾದರಿಗಳು 2023ರಲ್ಲಿ ಬಂದವು. ಎಂಜಿನ್ನಿನಲ್ಲಿ ವ್ಯತ್ಯಾಸವಿದೆ. ಯೋಧಾದ 2.2 ಲೀಟರಿನ ಎಂಜಿನ್ ಸುಮಾರು 100 ಅಶ್ವಶಕ್ತಿ ಮತ್ತು 250 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ, ಮ್ಯಾಕ್ಸ್‌ನ 2.5 ಲೀಟರಿನ ಎಂಜಿನ್ ಗಾತ್ರದಲ್ಲಿ ದೊಡ್ಡದಾದರೂ ಮಾದರಿಯನ್ನು ಅವಲಂಬಿಸಿ 200ರಿಂದ 220 ನ್ಯೂಟನ್ ಮೀಟರ್ ಮಾತ್ರ ಕೊಡುತ್ತದೆ. ಹೆಚ್ಚಿನ ಖರೀದಿದಾರರು ಈ ಸಂಖ್ಯೆಗಳನ್ನು ನೋಡಿಯೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಗಾಡಿಯ ಸಂಖ್ಯೆಗಳಿಗಿಂತ ಮೊದಲು ನಿಮ್ಮ ಕೆಲಸದ ಸಂಖ್ಯೆಗಳು ನಿಮ್ಮ ಕೈಯಲ್ಲಿರಬೇಕು.

ಮೊದಲು ನಿಮ್ಮ ಹೇರನ್ನು ತೂಗಿ, ಅಳೆಯಿರಿ

ಕಳೆದ ಮೂರು ತಿಂಗಳ ಕಾಟಾ (ಗಾಡಿ ತೂಗುವ ಕಟ್ಟೆ) ಚೀಟಿಗಳನ್ನು ಒಟ್ಟುಗೂಡಿಸಿ, ಒಂದು ಖೇಪಿಗೆ ಸರಾಸರಿ ಎಷ್ಟು ತೂಕ, ಅತಿ ಹೆಚ್ಚೆಂದರೆ ಎಷ್ಟು ಎಂಬುದನ್ನು ಬರೆದುಕೊಳ್ಳಿ. ಜೊತೆಗೆ ನಿಮ್ಮ ಸರಕು ತೂಕದಿಂದ ಗಾಡಿ ತುಂಬುವಂಥದ್ದೋ ಜಾಗದಿಂದ ತುಂಬುವಂಥದ್ದೋ ಎಂಬುದನ್ನು ಗುರುತಿಸಿ. ಸೊಪ್ಪು, ಹೂವು, ಬ್ರೆಡ್ಡು, ಖಾಲಿ ಡಬ್ಬಿಗಳ ವ್ಯಾಪಾರದಲ್ಲಿ ಗಾಡಿ ತುಂಬಿದರೂ ತೂಕ ಅರ್ಧವನ್ನೂ ಮುಟ್ಟುವುದಿಲ್ಲ. ಅಲ್ಲಿ ಬಾಡಿಯ ಉದ್ದವೇ ಮುಖ್ಯ. ಈರುಳ್ಳಿ, ಬೆಲ್ಲ, ಟೈಲ್ಸ್‌ಗಳಲ್ಲಿ ಬಾಡಿ ಅರ್ಧ ತುಂಬುವಷ್ಟರಲ್ಲಿ ತೂಕದ ಮಿತಿ ಮುಗಿದಿರುತ್ತದೆ.

ಟೊಮೆಟೊ ನಡುವಿನ ಸರಕಾದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಾರುಕಟ್ಟೆಯ ಪ್ಲಾಸ್ಟಿಕ್ ಕ್ರೇಟು ಸಾಮಾನ್ಯವಾಗಿ 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಇರುತ್ತದೆ. ಒಳ ಅಗಲ 170 ಸೆಂಟಿಮೀಟರ್ ಇರುವ ಒಂಬತ್ತು ಅಡಿಯ ಬಾಡಿಯಲ್ಲಿ ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು, ಅಂದರೆ ಒಂದು ಪದರಕ್ಕೆ 16 ಕ್ರೇಟು ಕೂರುತ್ತವೆ. ಬಾಡಿ ಹತ್ತು ಅಡಿಯಾದರೆ ಉದ್ದಕ್ಕೆ ಐದು ಕೂತು ಪದರಕ್ಕೆ 20 ಆಗುತ್ತದೆ. ಒಂದೇ ಅಡಿಯ ವ್ಯತ್ಯಾಸ ಐದು ಪದರಕ್ಕೆ 20 ಕ್ರೇಟುಗಳಾಗಿ ಬೆಳೆಯುತ್ತದೆ. ಆದರೆ ಕ್ರೇಟಿನ ತೂಕವನ್ನೂ ಸೇರಿಸಿ ಒಂದಕ್ಕೆ 22 ಕಿಲೋ ಎಂದಿಟ್ಟುಕೊಂಡರೆ, 1,700 ಕಿಲೋ ಹೊರುವ ಗಾಡಿಗೆ 77 ಕ್ರೇಟು, 2,000 ಕಿಲೋ ಹೊರುವ ಗಾಡಿಗೆ 90 ಕ್ರೇಟು ಗಡಿ. ಹತ್ತು ಅಡಿಯ ಬಾಡಿಯಲ್ಲಿ ನೂರು ಕ್ರೇಟು ಹಿಡಿಯುತ್ತದೆಂದು ನೂರನ್ನೂ ತುಂಬಿದರೆ ಅದು ಅಧಿಕ ಹೇರು. ಮ್ಯಾಕ್ಸ್‌ನ ಉದ್ದದ ಮಾದರಿಗೆ 3,050 ಮಿಲಿಮೀಟರಿನ, ಅಂದರೆ ಹತ್ತು ಅಡಿಯ ಬಾಡಿ ಬರುತ್ತದೆ. ಹೀಗಿದ್ದರೂ ಷೋರೂಮಿಗೆ ಹೋಗುವಾಗ ಟೇಪು ಮತ್ತು ನಿಮ್ಮದೇ ಒಂದು ಕ್ರೇಟನ್ನು ಕೊಂಡೊಯ್ದು ಎರಡೂ ಗಾಡಿಗಳ ಒಳ ಅಳತೆಯನ್ನು ನೀವೇ ನೋಡಿ, ಏಕೆಂದರೆ ಚಕ್ರದ ಮೇಲಿನ ಉಬ್ಬು, ಬಾಗಿಲಿನ ಕೊಂಡಿ, ಮೂಲೆಯ ಪಟ್ಟಿಗಳು ನುಂಗುವ ಎರಡು ಮೂರು ಇಂಚುಗಳ ಲೆಕ್ಕ ಕರಪತ್ರದಲ್ಲಿ ಸಿಗುವುದಿಲ್ಲ.

3,000 ಕಿಲೋದ ಗೆರೆ

ಬ್ರಾಂಡು ಆರಿಸುವುದಕ್ಕಿಂತ ಮುಂಚೆ ಮಾಡಬೇಕಾದ ಇನ್ನೂ ದೊಡ್ಡ ತೀರ್ಮಾನವೊಂದಿದೆ. ನನ್ನ ಬಳಿಗೆ ಬರುವವರಲ್ಲಿ ಅನೇಕರು ಇದನ್ನು ಗಾಡಿ ಮನೆಗೆ ಬಂದ ಮೇಲೆ ತಿಳಿದುಕೊಂಡು ನೊಂದಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ನಿನ ಪ್ರಕಾರ, ಹೇರೂ ಸೇರಿದಂತೆ ಗಾಡಿಯ ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಅಂಥ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಆರ್‌ಸಿಯಲ್ಲಿ ಜಿವಿಡಬ್ಲ್ಯೂ ಎಂದು ನಮೂದಾಗುವ ತೂಕ ಇದೇ. ಚಿಕ್ಕ ಪಿಕಪ್‌ಗಳ ಜಿವಿಡಬ್ಲ್ಯೂ 2,990ರ ಆಸುಪಾಸಿನಲ್ಲಿ ನಿಲ್ಲುವುದು ಈ ಕಾರಣಕ್ಕೇ. ಎರಡು ಟನ್ ಹೊರುವ ಗಾಡಿ, ಅದು ಯಾವ ಕಂಪನಿಯದೇ ಆಗಿರಲಿ, ಈ ಗೆರೆಯನ್ನು ದಾಟುತ್ತದೆ.

ಗೆರೆ ದಾಟಿದ ಗಾಡಿ ರಾಜ್ಯದಿಂದ ರಾಜ್ಯಕ್ಕೆ ಓಡಬೇಕಾದರೆ ನ್ಯಾಷನಲ್ ಪರ್ಮಿಟ್ ಬೇಕು. ಅದರ ಏಕೀಕೃತ ಶುಲ್ಕ ವರ್ಷಕ್ಕೆ 16,500 ರೂಪಾಯಿ. ಶುಲ್ಕಕ್ಕಿಂತ ಮುಖ್ಯವಾದದ್ದು ಅದರ ಒಂದು ಷರತ್ತು: ನ್ಯಾಷನಲ್ ಪರ್ಮಿಟ್ಟಿನ ಗಾಡಿ ತನ್ನ ಸ್ವಂತ ರಾಜ್ಯವನ್ನು ಬಿಟ್ಟು ಬೇರೊಂದು ರಾಜ್ಯದ ಒಳಗೇ ಎರಡು ಊರುಗಳ ನಡುವೆ ಸರಕು ಸಾಗಿಸುವಂತಿಲ್ಲ. ಪುಣೆಯಲ್ಲಿ ನೆಲೆಸಿದ್ದರೂ ಊರಿನ ಮನೆಯ ವಿಳಾಸ ಕೊಟ್ಟು ಕೆಎ ಪಾಸಿಂಗ್ (ಕರ್ನಾಟಕದ ನೋಂದಣಿ) ಮಾಡಿಸುವ ನಮ್ಮವರು ಇದನ್ನು ಗಮನಿಸಬೇಕು. ಬೆಳಗಾವಿಯಿಂದ ಪುಣೆಗೆ ತರಕಾರಿ ತರುವುದಕ್ಕೆ ಆ ಗಾಡಿಗೆ ಅಡ್ಡಿಯಿಲ್ಲ, ಆದರೆ ಇಲ್ಲಿ ಖಾಲಿ ನಿಂತ ಹೊತ್ತಿನಲ್ಲಿ ಪುಣೆಯಿಂದ ನವಿ ಮುಂಬೈಯ ವಾಶಿಗೆ ಒಂದು ಬಾಡಿಗೆ ಹೊಡೆದರೆ ಅದು ನಿಯಮದ ಉಲ್ಲಂಘನೆಯಾಗುತ್ತದೆ. ಇದಲ್ಲದೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿದ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂದು ಅದೇ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಗಾಡಿ ರಾತ್ರಿ ನಿಲ್ಲುವ ಊರು ಯಾವುದೋ ಅಲ್ಲಿಯದೇ ಪಾಸಿಂಗ್ ಇರಲಿ ಎಂಬುದು ನನ್ನ ಖಚಿತ ಸಲಹೆ.

ಇಷ್ಟಾದ ಮೇಲೆ ನಿಮ್ಮ ಕಾಟಾ ಚೀಟಿಗಳಿಗೆ ಮರಳಿ. ಜಿವಿಡಬ್ಲ್ಯೂ 2,990 ಇದ್ದು ಖಾಲಿ ತೂಕ 1,700 ಇದ್ದರೆ ನಿಮಗೆ ಉಳಿಯುವುದು 1,290 ಕಿಲೋ. ಅದರಲ್ಲಿ ಚಾಲಕ ಮತ್ತು ಹಮಾಲರ ತೂಕವೂ ಸೇರಿದೆ. ಕಂಟೇನರ್ ಬಾಡಿ ಕಟ್ಟಿಸಿದರೆ ಅದರ ಕಬ್ಬಿಣದ ತೂಕವೂ ಇದರಲ್ಲೇ ಕಳೆಯುತ್ತದೆ. ನಿಮ್ಮ ಸರಾಸರಿ ಹೇರು ಹನ್ನೊಂದು ನೂರು ಕಿಲೋದ ಒಳಗಿದ್ದರೆ ಎರಡು ಟನ್ನಿನ ಗಾಡಿಯ ವಿಚಾರವನ್ನು ಇಲ್ಲಿಯೇ ಬಿಟ್ಟು, ಅವೇ ಕಂಪನಿಗಳ ಚಿಕ್ಕ ಮಾದರಿಗಳನ್ನು ನೋಡುವುದು ಲೇಸು. ಹದಿನೈದು ನೂರನ್ನು ಮೇಲಿಂದ ಮೇಲೆ ದಾಟುತ್ತಿದ್ದರೆ ಮಾತ್ರ ಮುಂದೆ ಓದಿ. ಚಿಕ್ಕ ಗಾಡಿ ಕೊಂಡು ಅದರ ಮೇಲೆ ದೊಡ್ಡ ಹೇರು ಹಾಕುವ ರೂಢಿಗೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡವಿದೆ, ಹೆಚ್ಚುವರಿಯಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಒಂದೇ ಒಂದು ದಂಡ ತಿಂಗಳ ಕಂತನ್ನು ತಿಂದುಹಾಕಿದ್ದನ್ನು ನಾನು ಲೆಕ್ಕದ ಪುಸ್ತಕದಲ್ಲಿ ಕೈಯಾರೆ ಬರೆದಿದ್ದೇನೆ.

ದಾರಿಯನ್ನು ನೋಡಿ ಎಂಜಿನ್ ಆರಿಸಿ

ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಈ ದಾರಿಯಲ್ಲಿ ಗಾಡಿಯನ್ನು ಪರೀಕ್ಷಿಸುವ ಜಾಗಗಳು ಎರಡು: ಖಂಬಾಟಕಿ ಘಾಟು, ಮತ್ತು ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರು. ತರಕಾರಿಯವರ ಗಾಡಿ ತುಂಬಿ ಬರುವುದು ಪುಣೆಯ ದಿಕ್ಕಿಗೆ. ಆದ್ದರಿಂದ ಪುಣೆ ಬಿಡುವಾಗಿನ ಏರಿನಲ್ಲಿ ಗಾಡಿ ಬಹುಪಾಲು ಖಾಲಿಯಿರುತ್ತದೆ. ಭರ್ತಿ ಹೇರಿನೊಂದಿಗೆ ಎದುರಾಗುವುದು ನವಲೆ ಸೇತುವೆಯ ಇಳಿಜಾರು. ನೂರು ಅಶ್ವಶಕ್ತಿಯೋ ಎಂಬತ್ತೋ ಎಂಬ ಚರ್ಚೆ ಏರುದಾರಿಗೆ ಸೇರಿದ್ದು. ಇಳಿಜಾರಿನಲ್ಲಿ ನಿಮ್ಮನ್ನು ಕಾಯುವುದು ಬ್ರೇಕು, ಗೇರು ಮತ್ತು ಚಾಲಕನ ಅಭ್ಯಾಸ. ಡೀಸೆಲ್ ಉಳಿಸಲು ಸುರಂಗದಿಂದ ಕೆಳಕ್ಕೆ ನ್ಯೂಟ್ರಲ್‌ನಲ್ಲಿ ಬಿಡುವ ದುರಭ್ಯಾಸದಿಂದ ಆ ಜಾಗದಲ್ಲಿ ಎಷ್ಟೋ ಅಪಘಾತಗಳಾಗಿವೆ. ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ತಾನಾಗಿಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಉರಿಯುತ್ತಲೇ ಇರಲು ಡೀಸೆಲ್ ಬೇಕು. ಹೀಗಾಗಿ ಆ ಉಳಿತಾಯವೂ ಸುಳ್ಳು.

ಪಾಟಾದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೊಸ ಗಾಡಿ ಕೈಗೆ ಬಂದ ವಾರದಲ್ಲೇ ಹಿಂದೆ ಒಂದೆರಡು ಹೆಚ್ಚುವರಿ ಪಾಟಾ ಹಾಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕಳಿಸಬೇಕೆಂದು ನಿರ್ಧರಿಸುವ ಒಂದು ವಾಲ್ವ್ ಇರುತ್ತದೆ; ಹೇರಿನಿಂದ ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಅದು ಕೆಲಸ ಮಾಡುತ್ತದೆ. ಪಾಟಾ ಹೆಚ್ಚಿಸಿದರೆ ಎರಡು ಟನ್ ಹೊತ್ತರೂ ಗಾಡಿ ತಗ್ಗುವುದಿಲ್ಲ, ವಾಲ್ವ್ ಅದನ್ನು ಖಾಲಿ ಗಾಡಿಯೆಂದೇ ತಿಳಿದು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಭರ್ತಿ ಹೇರಿನ ಇಳಿಜಾರಿನಲ್ಲಿ ಇದರ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ. ಕಂಪನಿ ಕೊಟ್ಟ ಪಾಟಾ ನಿಮ್ಮ ಹೇರಿಗೆ ಸಾಲದೆಂದರೆ ನೀವು ತಪ್ಪು ಮಾದರಿಯನ್ನು ನೋಡುತ್ತಿದ್ದೀರಿ ಎಂದೇ ಅರ್ಥ.

ಏರುದಾರಿಯೇ ಹೆಚ್ಚಿರುವವರ ಮಾತು ಬೇರೆ. ಗೋವಾದಿಂದ ಚೋರ್ಲಾ ಘಾಟು ಹತ್ತಿ ಬೆಳಗಾವಿಗೆ ಸರಕು ತರುವವರಿಗೆ, ಅಥವಾ ಕೊಂಕಣದ ಕಡೆಯಿಂದ ಘಟ್ಟ ಹತ್ತಿ ಸರಕು ತರುವವರಿಗೆ, ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುವ ಟಾರ್ಕು ನಿಜವಾದ ಆಸ್ತಿ. ಯೋಧಾದ 250 ನ್ಯೂಟನ್ ಮೀಟರ್ 1,000 ಆರ್‌ಪಿಎಂನಿಂದಲೇ ದೊರೆಯುವುದರಿಂದ ತಿರುವಿನಲ್ಲಿ ವೇಗ ಇಳಿದ ಮೇಲೂ ಗೇರು ಬದಲಿಸುವ ಪ್ರಸಂಗ ಕಡಿಮೆಯಾಗುತ್ತದೆ, ಕ್ಲಚ್ ಪ್ಲೇಟು ಹೆಚ್ಚು ಬಾಳುತ್ತದೆ. ಘಾಟಿನ ಕೆಲಸಕ್ಕೆ ನಾನು ಯೋಧಾದ ಕಡೆ ಒಲಿಯುವುದು ಇದಕ್ಕಾಗಿ. ಚೋರ್ಲಾದ ಇಕ್ಕಟ್ಟಿನ ತಿರುವುಗಳಲ್ಲಿ ಉದ್ದದ ಗಾಡಿ ತ್ರಾಸು ಕೊಡುತ್ತದೆಂಬುದನ್ನು ಮಾತ್ರ ಮರೆಯಬಾರದು.

ಹೊಗೆಯ ವ್ಯವಸ್ಥೆ: ಕೇಳಲೇಬೇಕಾದ ಪ್ರಶ್ನೆ

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಗಾಡಿಗಳೆಲ್ಲ ಹೊಗೆ ನಿಯಂತ್ರಣದ ಬಿಎಸ್6 ಮಾನದಂಡದವು. ಡೀಸೆಲ್ ಗಾಡಿಯ ಸೈಲೆನ್ಸರಿನ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರು, ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಇನ್ನೊಂದು ಘಟಕ ಇರುತ್ತವೆ. ಈ ಎರಡನೆಯದು ಯೂರಿಯಾ ದ್ರಾವಣ ಬೇಡುವ ಎಸ್‌ಸಿಆರ್ ಆಗಿರಬಹುದು, ಅಥವಾ ದ್ರಾವಣ ಬೇಡದ ಎಲ್‌ಎನ್‌ಟಿ ಆಗಿರಬಹುದು. ನಿಮಗೆ ಕೊಡುವ ಮಾದರಿಯಲ್ಲಿ ಯಾವುದಿದೆ ಎಂದು ಷೋರೂಮಿನಲ್ಲಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಡಿಇಎಫ್ ಎಂದು ಕರೆಯುವ ಆ ದ್ರಾವಣದಲ್ಲಿ ಶೇ. 32.5ರಷ್ಟು ಯೂರಿಯಾ ಇರುತ್ತದೆ. ಗೊಬ್ಬರದ ಯೂರಿಯಾ ಕಲಸಿದ ನೀರು ಅದಕ್ಕೆ ಬದಲಿಯಲ್ಲ, ಹಾಗೆ ಮಾಡಿದವರು ಪಂಪು ಮತ್ತು ಇಂಜೆಕ್ಟರನ್ನೇ ಕಳೆದುಕೊಳ್ಳುತ್ತಾರೆ.

ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆಯ ಶಾಖ 600 ಡಿಗ್ರಿಯ ಹತ್ತಿರ ಏರಬೇಕು, ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಹೆದ್ದಾರಿಯ ಗಾಡಿಗೆ ಇದೊಂದು ಸಮಸ್ಯೆಯೇ ಅಲ್ಲ. ಆದರೆ ಇಡೀ ದಿನ ಸ್ವಾರಗೇಟ್, ಹಡಪ್ಸರ, ಕೋಂಢ್ವಾಗಳ ನಡುವೆ ನಾಲ್ಕೈದು ಕಿಲೋಮೀಟರಿನ ಖೇಪು ಹೊಡೆಯುವ ಗಾಡಿಯಲ್ಲಿ ಫಿಲ್ಟರು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ನಗರದ ಒಳಗಷ್ಟೇ ಓಡುವ ಕೆಲಸವಿದ್ದರೆ ಈ ಎರಡೂ ಡೀಸೆಲ್ ಗಾಡಿಗಳನ್ನು ಬಿಟ್ಟು ಸಿಎನ್‌ಜಿ ಪಿಕಪ್ ನೋಡಿ ಎಂದೇ ನಾನು ಹೇಳುತ್ತೇನೆ.

ನಡುದಾರಿಯ ರಿಪೇರಿ

ನನ್ನ ಸೋದರಳಿಯನ ಪಿಕಪ್ ಒಮ್ಮೆ ನಿಪ್ಪಾಣಿಯ ಹತ್ತಿರ ಹೊಗೆಯ ಸೆನ್ಸರ್ ಕೆಟ್ಟು ನಿಂತಿತು. ಎಂಜಿನ್ ಚಾಲೂ ಆಗುತ್ತಿತ್ತು, ಆದರೆ ಗಾಡಿ ನಲವತ್ತರ ವೇಗ ದಾಟುತ್ತಿರಲಿಲ್ಲ. ಹತ್ತಿರದ ಸರ್ವಿಸ್ ಕೇಂದ್ರದಲ್ಲಿ ಆ ಸೆನ್ಸರ್ ಇರಲಿಲ್ಲ. ಅದು ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. "ಮಾಮಾ, ಗಾಡಿ ರಿಪೇರಿ ಆತು, ಆದ್ರ ಮಾಲೆಲ್ಲಾ ಕೊಳತು ಹೋತು" ಎಂದು ಅವನು ಫೋನಿನಲ್ಲಿ ಹೇಳಿದ ದನಿ ನನಗಿನ್ನೂ ನೆನಪಿದೆ. ಅಂದಿನಿಂದ ನಾನು ಗಿರಾಕಿಗಳಿಗೆ ಒಂದು ಕೆಲಸ ತಪ್ಪದೆ ಹಚ್ಚುತ್ತೇನೆ: ನಿಮ್ಮ ದಾರಿಯ ಮೇಲಿನ ಊರುಗಳನ್ನು, ಅಂದರೆ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಊರಿನಲ್ಲಿ ಎರಡೂ ಕಂಪನಿಗಳ ವಾಣಿಜ್ಯ ವಾಹನದ ಸರ್ವಿಸ್ ಎಲ್ಲಿದೆ, ಭಾನುವಾರ ತೆರೆದಿರುತ್ತದೆಯೇ, ಕ್ಲಚ್ ಪ್ಲೇಟು, ಇಂಜೆಕ್ಟರು, ಹೊಗೆಯ ಸೆನ್ಸರು ಈಗ ದಾಸ್ತಾನಿನಲ್ಲಿವೆಯೇ ಎಂದು ಫೋನು ಮಾಡಿ ಕೇಳಿ. ಕಾರಿನ ಷೋರೂಮು ಇದ್ದ ಮಾತ್ರಕ್ಕೆ ಅಲ್ಲಿ ಪಿಕಪ್ ನೋಡಿಕೊಳ್ಳುತ್ತಾರೆಂದು ತಿಳಿಯಬೇಡಿ. ಅರ್ಧ ದಿನದ ಈ ಕೆಲಸದಿಂದ ಬರುವ ಹಾಳೆ ಯಾವ ಕರಪತ್ರಕ್ಕಿಂತಲೂ ಹೆಚ್ಚು ತೂಗುತ್ತದೆ. ಹಳ್ಳಿಯ ಹೊಲದವರೆಗೂ ಹೋಗಿ ಮಾಲು ತುಂಬುವವರಿಗೆ ಬೊಲೆರೊದ ಕೆಲಸ ಗೊತ್ತಿರುವ ಮೆಕ್ಯಾನಿಕ್ ಬೇಗ ಸಿಗುತ್ತಾನೆಂಬುದು ನಾನು ಕಂಡ ಸಂಗತಿ, ಅದಕ್ಕೆ ಬೆಲೆಯಿದೆ.

ವಾರಂಟಿಯನ್ನು ವರ್ಷದ ಲೆಕ್ಕದಲ್ಲಿ ನೋಡಬೇಡಿ. ತಿಂಗಳಿಗೆ ಹನ್ನೆರಡು ಬಾರಿ ಪುಣೆ–ಬೆಳಗಾವಿ ಹೋಗಿ ಬಂದರೆ ಎಂಟು ಸಾವಿರ ಕಿಲೋಮೀಟರ್ ದಾಟುತ್ತದೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು ಎಂಬ ಷರತ್ತಿದ್ದರೆ ನಿಮ್ಮ ವಾರಂಟಿ ಹದಿಮೂರನೆಯ ತಿಂಗಳಿಗೆ ಮುಗಿದಿರುತ್ತದೆ. ಮೂರು ಲಕ್ಷ ಕಿಲೋಮೀಟರಿನ ಷರತ್ತಿದ್ದರೆ ಅದು ನಿಜಕ್ಕೂ ಮೂರು ವರ್ಷ.

ಹಣದ ಲೆಕ್ಕ

ಮೈಲೇಜಿನಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದೇ. ತಿಂಗಳಿಗೆ 8,000 ಕಿಲೋಮೀಟರ್, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಲೀಟರಿಗೆ 13 ಕೊಡುವ ಗಾಡಿಗೆ 615 ಲೀಟರು, 11.5 ಕೊಡುವ ಗಾಡಿಗೆ 696 ಲೀಟರು ಬೇಕು. ವ್ಯತ್ಯಾಸ ತಿಂಗಳಿಗೆ ಏಳು ಸಾವಿರ ರೂಪಾಯಿಯ ಮೇಲೆ. ಕಂತಿನಲ್ಲಿ ಐದು ನೂರು ಉಳಿಯಿತೆಂದು ಹಿಗ್ಗುವ ಮುಂಚೆ ಈ ಲೆಕ್ಕ ಮಾಡಿ. ಆದರೆ ಕಂಪನಿ ಹೇಳುವ ಮೈಲೇಜನ್ನು ಇದಕ್ಕೆ ಬಳಸಬೇಡಿ. ಮಾರ್ಕೆಟ್ ಯಾರ್ಡಿನಲ್ಲಿ ಅದೇ ಮಾದರಿಯನ್ನು ಅದೇ ದಾರಿಯಲ್ಲಿ ಓಡಿಸುವ ಮೂವರು ಚಾಲಕರನ್ನು ಮಾತನಾಡಿಸಿ, ಟ್ಯಾಂಕು ಭರ್ತಿಯಿಂದ ಟ್ಯಾಂಕು ಭರ್ತಿಯವರೆಗಿನ ಲೆಕ್ಕವನ್ನಷ್ಟೇ ನಂಬಿ.

2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದ್ದರಿಂದ ಅದಕ್ಕಿಂತ ಹಳೆಯ ಬೆಲೆಪಟ್ಟಿಯನ್ನು ಹೋಲಿಕೆಗೆ ಇಟ್ಟುಕೊಳ್ಳಬೇಡಿ. ತೆರಿಗೆ ಬೀಳುವ ಸರಕಿನ ವ್ಯಾಪಾರಿಯಾಗಿದ್ದು ನೋಂದಣಿ ಮಾಡಿಸಿದ್ದರೆ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಪಡೆಯಬಹುದು; ಬರೀ ತರಕಾರಿ ಬಾಡಿಗೆಯವರ ಸೇವೆಗೆ ತೆರಿಗೆಯೇ ಇಲ್ಲದ್ದರಿಂದ ಅವರಿಗೆ ಅದು ದೊರೆಯುವುದಿಲ್ಲ. ಥರ್ಡ್ ಪಾರ್ಟಿ ವಿಮೆಯ ದರ 7,500 ಕಿಲೋ ಜಿವಿಡಬ್ಲ್ಯೂವರೆಗೆ ಒಂದೇ ಆದ್ದರಿಂದ ಎರಡು ಗಾಡಿಗಳ ನಡುವೆ ಅಲ್ಲಿ ಭೇದವಿಲ್ಲ. ಚಾಲಕನ ಲೈಸೆನ್ಸಿನ ಚಿಂತೆಯೂ ಬೇಡ: 7,500 ಕಿಲೋವರೆಗಿನ ಸರಕು ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನವರು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಕೊನೆಗೆ, ಹೇರು ಹಾಕಿ ಓಡಿಸಿ

ಖಾಲಿ ಗಾಡಿಯನ್ನು ಷೋರೂಮಿನ ಸುತ್ತ ಒಂದು ಸುತ್ತು ಹಾಕಿಸಿ ಮುಗಿಸಲು ಬಿಡಬೇಡಿ. ಡೆಮೊ ಗಾಡಿ ಕೇಳಿ, ನಿಮ್ಮದೇ ಸರಕನ್ನು ತೂಗಿ ಹಾಕಿ, ದಿನವೂ ಓಡಿಸುವ ಚಾಲಕನನ್ನೇ ಕೂರಿಸಿ, ಹಳೆಯ ಕಾತ್ರಜ ಘಾಟನ್ನು ಹತ್ತಿಸಿ ಇಳಿಸಿ. ಎರಡನೇ ಗೇರಿನಲ್ಲಿ ಏರು ಹಿಡಿಯುತ್ತದೆಯೇ, ಇಳಿಯುವಾಗ ಅದೇ ಗೇರಿನಲ್ಲಿ ಎಂಜಿನ್ ಎಷ್ಟು ತಡೆಯುತ್ತದೆ, ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆಯೇ, ಒಂದು ತಾಸಿನ ನಂತರ ಚಾಲಕನ ಸೊಂಟ ಹೇಗಿದೆ ಎಂದು ನೋಡಿ. ಎರಡೂ ಗಾಡಿಗಳಿಗೆ ಇದೇ ಪರೀಕ್ಷೆ ಆಗಲಿ, ಸಾಧ್ಯವಾದರೆ ಒಂದೇ ದಿನ. ಎರಡು ಗಾಡಿಗಳು ಇಷ್ಟರಲ್ಲೂ ಸಮಸಮವಾಗಿ ನಿಂತರೆ ಸರ್ವಿಸ್ ಹಾಳೆಯಲ್ಲಿ ಯಾವುದು ಮುಂದಿದೆಯೋ ಅದನ್ನೇ ತೆಗೆದುಕೊಳ್ಳಿ.

ಗಾಡಿ ಕೈಗೆ ಬಂದ ದಿನ ಚಾಸಿ ಸಂಖ್ಯೆಯನ್ನೂ ತಯಾರಾದ ತಿಂಗಳನ್ನೂ ಬಿಲ್ಲಿನೊಂದಿಗೆ ತಾಳೆ ನೋಡಿ. ಬಾಡಿ, ಹೊದಿಕೆ, ಸ್ಟೆಪ್ನಿ, ಜಾಕು ಎಲ್ಲ ಕೂಡಿಸಿಕೊಂಡ ಮೇಲೆ, ಮೊದಲ ಬಾಡಿಗೆಗೆ ಹೊರಡುವ ಮುಂಚೆ, ಖಾಲಿ ಗಾಡಿಯನ್ನು ಒಮ್ಮೆ ಕಾಟಾದ ಮೇಲೆ ನಿಲ್ಲಿಸಿ. ಆ ಚೀಟಿಯ ತೂಕವನ್ನು ಆರ್‌ಸಿಯ ಜಿವಿಡಬ್ಲ್ಯೂನಿಂದ ಕಳೆದು, ಬಂದ ಸಂಖ್ಯೆಯನ್ನು ಚಾಲಕನ ಕಣ್ಣಿಗೆ ಬೀಳುವಂತೆ ಕ್ಯಾಬಿನ್ನಿನಲ್ಲಿ ಬರೆದು ಅಂಟಿಸಿ.